ಜನರಲ್ ತಿಮ್ಮಯ್ಯನವರ ಪದಕ

ನನ್ನ ಊರು ಬೀದರಿನ ಬಳಿಯ ಜನವಾಡ. ಒಂದು ಕಾಲಕ್ಕೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ನೆಲ. ಆದುದರಿಂದ ಎರಡನೆಯ ಮಹಾಯುದ್ಧದ ಚರಿತ್ರೆಯನ್ನು ಓದುತ್ತಿರುವಾಗ ೧೯ನೆಯ ಹೈದರಾಬಾದ್ ರೆಜಿಮೆಂಟ್ ಎಂಬ ಹೆಸರನ್ನು ಕಂಡು ನನ್ನ ಕಣ್ಣು ಅಲ್ಲಿಯೇ ನಿಂತಿತು. ಅದರ ಎಂಟನೆಯ ಪಟಾಲಮಿನ ನಾಯಕರು ಕನ್ನಡನಾಡಿನವರೇ, ಕೊಡಗಿನ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು.

ತಿಮ್ಮಯ್ಯನವರು ೧೯೦೬ರಲ್ಲಿ ಮಡಿಕೇರಿಯಲ್ಲಿ ಜನಿಸಿದರು. ಕೂನೂರು, ಬೆಂಗಳೂರು, ಡೆಹರಾಡೂನ್‌ಗಳಲ್ಲಿ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯಲ್ಲಿ ತರಬೇತು ಹೊಂದಿ, ೧೯೨೬ರಲ್ಲಿ ಅಧಿಕಾರಿಯಾದರು. ಭಾರತೀಯನು ಸೈನ್ಯವನ್ನು ನಡೆಸಬಲ್ಲನೇ ಎಂದು ಆಳುವವರು ಸಂಶಯಪಡುತ್ತಿದ್ದ ಕಾಲವದು.

ಆ ಸಂಶಯಕ್ಕೆ ಉತ್ತರ ದೊರೆತದ್ದು ೧೯೪೫ರ ಆರಂಭದಲ್ಲಿ, ಬರ್ಮಾದ ಅರಕಾನ್ ತೀರದ ಕಂಗಾವ್‌ನಲ್ಲಿ. ಉಬ್ಬರದ ನೀರು ನುಗ್ಗುವ ಕಾಲುವೆಗಳು, ಕೆಸರಿನ ಕಾಂಡ್ಲಾ ಕಾಡು, ಅದರಾಚೆ ಮರಗಳು ದಟ್ಟವಾದ ಗುಡ್ಡಗಳು. ಹಿಮ್ಮೆಟ್ಟುತ್ತಿದ್ದ ಜಪಾನೀಯರಿಗೆ ಉಳಿದ ಹಾದಿ ಅಲ್ಲಿಯೇ ಇದ್ದುದರಿಂದ ಅವರು ಪ್ರಾಣದ ಹಂಗು ತೊರೆದು ಕಾದಿದರು. ಅಲ್ಲಿ ಹೋರಾಡಿದ ೫೧ನೆಯ ಬ್ರಿಗೇಡಿನ ಮೂರು ಪಟಾಲಮುಗಳಿಗೂ ಭಾರತೀಯರೇ ನಾಯಕರು: ತಿಮ್ಮಯ್ಯ, ಥೋರಾಟ್ ಮತ್ತು ಸೇನ್. ಮೂವರಿಗೂ ಡಿ.ಎಸ್.ಒ. ಪದಕ ದೊರೆಯಿತು. ಅನಂತರ ತಿಮ್ಮಯ್ಯನವರು ಆ ಯುದ್ಧದಲ್ಲಿ ಬ್ರಿಗೇಡೊಂದರ ನಾಯಕತ್ವವನ್ನೂ ವಹಿಸಿದರು.

ಆದರೆ ಪದಕವನ್ನು ಕೊಟ್ಟವನು ಬ್ರಿಟಿಷ್ ದೊರೆ. ತಿಮ್ಮಯ್ಯನವರ ಸ್ವಂತ ಅಣ್ಣ ಪೊನ್ನಪ್ಪನವರೇ ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಫೌಜನ್ನು ಸೇರಿದ್ದರು. ಒಂದೇ ಮನೆಯ ಅಣ್ಣತಮ್ಮಂದಿರು ಎದುರುಬದುರು ಪಕ್ಷಗಳಲ್ಲಿ! ಹಾಗಾದರೆ ಈ ಪದಕದ ಬಗ್ಗೆ ನಾವು ಹೆಮ್ಮೆಪಡಬಹುದೇ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು.

ಉತ್ತರವನ್ನು ಅವರ ಮುಂದಿನ ಬಾಳಿನಲ್ಲಿ ಕಂಡುಕೊಂಡೆ. ೧೯೪೮ರ ನವೆಂಬರ್ ೧ರಂದು, ಹನ್ನೊಂದು ಸಾವಿರ ಅಡಿಗಳಿಗೂ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಲಡಾಖಿನ ದಾರಿಯನ್ನು ತೆರೆದವರು ಇದೇ ತಿಮ್ಮಯ್ಯನವರು. ೧೯೫೩ರಲ್ಲಿ ಕೊರಿಯಾದ ಯುದ್ಧಕೈದಿಗಳನ್ನು ಕುರಿತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದರು. ೧೯೫೭ರಿಂದ ೧೯೬೧ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ೧೯೫೯ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ನರೊಡನೆ ಭಿನ್ನಾಭಿಪ್ರಾಯ ಬಂದಾಗ ರಾಜೀನಾಮೆ ಕೊಟ್ಟು, ಪ್ರಧಾನಿ ನೆಹರೂ ಅವರ ಮಾತಿಗೆ ಮನ್ನಣೆಯಿತ್ತು ಹಿಂತೆಗೆದುಕೊಂಡರು. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ ೧೯೬೫ರ ಡಿಸೆಂಬರಿನಲ್ಲಿ ತೀರಿಕೊಂಡರು.

ಹೈದರಾಬಾದ್ ರೆಜಿಮೆಂಟ್ ೧೯೪೫ರಲ್ಲಿಯೇ ಕುಮಾಂವ್ ರೆಜಿಮೆಂಟ್ ಆಯಿತು. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ 'ಸನ್ನಿಸೈಡ್' ೨೦೨೧ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅಣ್ಣನ ತ್ಯಾಗವನ್ನು ತಮ್ಮನ ಪದಕದಿಂದ ಅಳೆಯುವುದು ಸಲ್ಲದು. ತಮ್ಮನ ಶೌರ್ಯವನ್ನು ಪದಕ ಕೊಟ್ಟ ಕೈಯಿಂದ ಅಳೆಯುವುದೂ ಸಲ್ಲದು. ವಿದ್ಯೆಯನ್ನು ಯಾರಿಂದ ಕಲಿತೆವು ಎಂಬುದಕ್ಕಿಂತ ಅದನ್ನು ಯಾರಿಗಾಗಿ ಬಳಸಿದೆವು ಎಂಬುದೇ ದೊಡ್ಡದು. ಪದವಿ ಪಡೆದು ಹೊರಡಲಿರುವ ನಮಗೂ ಈ ಮಾತು ಅನ್ವಯಿಸುತ್ತದೆ.