ತೋಟಗಾರಿಕೆಯ ಪಿತಾಮಹ ಡಾ. ಎಂ.ಎಚ್. ಮರಿಗೌಡ

ಕಲ್ಪತರು ನಾಡಿನವರಾದ ನಮಗೆ ತೋಟವೆಂದರೆ ತೆಂಗಿನ ತೋಟವೇ. ಮಾವು, ಹಲಸು, ಸಪೋಟಗಳೆಲ್ಲ ಬದುವಿನ ಗಿಡಗಳು. ಮಕ್ಕಳು ತಿಂದು ಮಿಕ್ಕರೆ ನೆಂಟರಿಗೆ. ಹಣ್ಣನ್ನೇ ಬೆಳೆಯಾಗಿ ಬೆಳೆದು ಸಂಸಾರ ನಡೆಸಬಹುದೆಂದು ಈ ರಾಜ್ಯದ ರೈತರಿಗೆ ತೋರಿಸಿಕೊಟ್ಟವರಲ್ಲಿ ಮೊದಲು ನೆನೆಯಬೇಕಾದ ಹೆಸರು ಡಾ. ಎಂ.ಎಚ್. ಮರಿಗೌಡರದು.

ಮರಿಗೌಡರು 1916ರ ಆಗಸ್ಟ್ 8ರಂದು ಟಿ. ನರಸೀಪುರ ತಾಲ್ಲೂಕಿನ ಬನ್ನೂರು ಸೀಮೆಯ ಒಕ್ಕಲು ಮನೆತನದಲ್ಲಿ ಜನಿಸಿದರು. ಸಸ್ಯಶಾಸ್ತ್ರ ಓದಿ 1940ರ ದಶಕದ ಆರಂಭದಲ್ಲಿ ಲಾಲ್‌ಬಾಗಿನಲ್ಲಿ ಕೆಲಸಕ್ಕೆ ಸೇರಿದರು. ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ತರಬೇತಿ ಪಡೆದು, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಗಳಿಸಿ ತಾಯ್ನಾಡಿಗೆ ಮರಳಿದರು. ಕೃಂಬಿಗಲ್, ಜವರಾಯರಂಥ ಹಿರಿಯರು ಕಟ್ಟಿದ ಲಾಲ್‌ಬಾಗಿನ ಹೊಣೆ ಅವರ ಹೆಗಲಿಗೆ ಬಂತು. ಹೂವಿನ ಪ್ರದರ್ಶನ ನಡೆಸಿಕೊಂಡು ಅಲ್ಲೇ ನೆಮ್ಮದಿಯಾಗಿ ಇರಬಹುದಿತ್ತು. ಅವರ ಕಣ್ಣು ಮಾತ್ರ ಮಳೆ ನಂಬಿದ ಬೆದ್ದಲಿನ ಮೇಲಿತ್ತು.

ರಾಗಿ, ಹುರುಳಿ ಒಂದು ಮಳೆ ತಪ್ಪಿದರೆ ಒಣಗುತ್ತವೆ. ಆಳಕ್ಕೆ ಬೇರು ಬಿಡುವ ಮಾವು, ಹಲಸು, ಗೇರು, ಹುಣಸೆ ಹಾಗಲ್ಲ. ಮೊದಲ ಬೇಸಿಗೆಗಳಲ್ಲಿ ಕೊಡದಲ್ಲಿ ಹೊತ್ತಾದರೂ ನೀರುಣಿಸಿ ಕಾಪಾಡಿದರೆ ಆಮೇಲೆ ತಮ್ಮ ಪಾಡು ತಾವು ನೋಡಿಕೊಳ್ಳುತ್ತವೆ. ಒಣಭೂಮಿ ತೋಟಗಾರಿಕೆಯ ತಿರುಳು ಇಷ್ಟೇ. ಆದರೆ ಫಲ ಬರಲು ನಾಲ್ಕಾರು ವರ್ಷ ಕಾಯಬೇಕು. ಅಲ್ಲಿಯವರೆಗೆ ಮನೆಮಂದಿ ಉಣ್ಣುವುದೇನು? ಬಡ ರೈತನ ಈ ಪ್ರಶ್ನೆ ಸುಳ್ಳಾಗಿರಲಿಲ್ಲ. ಬರಿಯ ಉಪದೇಶಕ್ಕೆ ಅವನು ಗಿಡ ನೆಡುವವನಲ್ಲ. 1963ರಲ್ಲಿ ತೋಟಗಾರಿಕೆ ಪ್ರತ್ಯೇಕ ಇಲಾಖೆಯಾಗಿ ಮರಿಗೌಡರು ನಿರ್ದೇಶಕರಾದ ಮೇಲೆ ರಾಜ್ಯದಲ್ಲಿ 300ಕ್ಕೂ ಹೆಚ್ಚು ತೋಟಗಾರಿಕಾ ಕ್ಷೇತ್ರ, ನರ್ಸರಿಗಳು ಎದ್ದವು; ಎಷ್ಟೋ ಕಡೆ ಯಾರಿಗೂ ಬೇಡವಾದ ಗರಸು ನೆಲದಲ್ಲಿಯೇ. ರೈತ ಬಂದು ಗಿಡ ಕಣ್ಣಾರೆ ನೋಡಿ, ಕಸಿ ಸಸಿ ಒಯ್ಯುವಂತಾಯಿತು.

ಬೆಳೆದ ಮೇಲೆ ಮಾರುವುದು ಇನ್ನೊಂದು ಕಷ್ಟ. ನಮ್ಮ ಉಂಡೆ ಕೊಬ್ಬರಿಗೆ ತಾಳ್ಮೆ ಇದೆ. ಅಟ್ಟದ ಮೇಲೆ ವರ್ಷ ಒಣಗುತ್ತದೆ. ಧಾರಣೆ ಬಿದ್ದಿದ್ದರೆ ಇನ್ನಷ್ಟು ದಿನ ಇಟ್ಟುಕೊಂಡು ತಿಪಟೂರಿನ ಮಾರುಕಟ್ಟೆಗೆ ಹಾಕಬಹುದು, ಅಲ್ಲಿಂದ ಉತ್ತರ ಭಾರತಕ್ಕೆ ಹೋಗುತ್ತದೆ. ದ್ರಾಕ್ಷಿಗೆ ಅಟ್ಟವಿಲ್ಲ. ಕೊಯ್ದ ಎರಡು ಮೂರು ದಿನದಲ್ಲಿ ಮಾರದಿದ್ದರೆ ತಿಪ್ಪೆಗೇ. ದಲ್ಲಾಳಿ ಹೇಳಿದ್ದೇ ಬೆಲೆ. ಇದನ್ನರಿತೇ 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಲು ಅವರು ಮುಂದಾದರು. ಅದೇ ಸಂಘ ಮುಂದೆ ಹಾಪ್‌ಕಾಮ್ಸ್ ಆಯಿತು. ಇಂದು ಕರ್ನಾಟಕದ ಮಾವು, ದ್ರಾಕ್ಷಿ, ದಾಳಿಂಬೆ ಕಡಲಾಚೆ ಹೋಗುತ್ತಿವೆಯೆಂದರೆ ಹಿಂದೆ ಸಸಿ, ಸಂಘ ಎರಡರ ದುಡಿಮೆಯೂ ಇದೆ.

ನಮ್ಮ ಕಡೆ ಈ ಮಾತು ತಡವಾಗಿ ಅರ್ಥವಾಯಿತು. 2000ದ ಆಸುಪಾಸಿನಲ್ಲಿ ಕಾಯಿಗೆ ನುಸಿ ಬಿತ್ತು. ಆಮೇಲೆ ಬರ ಬಂದು ಕೊಳವೆಬಾವಿ ಬತ್ತಿದವು, ಸುಳಿ ಒಣಗಿದ ಮರಗಳ ಸಾಲೇ ನಿಂತಿತು. ಒಂದೇ ಬೆಳೆ ನೆಚ್ಚಿದ್ದವರ ಮನೆಗಳಲ್ಲಿ ಮಕ್ಕಳ ಓದಿಗೂ ತತ್ವಾರ ಬಂದದ್ದನ್ನು ಊರವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಮರಿಗೌಡರು 1974ರಲ್ಲಿ ನಿವೃತ್ತರಾದರು, 1992ರಲ್ಲಿ ತೀರಿಕೊಂಡರು. ಲಾಲ್‌ಬಾಗಿನಲ್ಲಿ ಅವರ ಹೆಸರಿನ ಸ್ಮಾರಕ ಭವನವಿದೆ. ಶಾಲಾ ಪ್ರವಾಸದಲ್ಲಿ ಗಾಜಿನ ಮನೆ ನೋಡಿ ಬಂದ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಆ ಫಲಕ ಓದಿರಬೇಕು.