ಕವಡೆ, ಇಟ್ಟಿಗೆ, ಧಾನ್ಯದ ರಾಶಿ: ಅಳತೆಯ ಲೆಕ್ಕ ಕಲಿಸಿದ ಭಾಸ್ಕರಾಚಾರ್ಯರ ಬದುಕು

ಒಂದು ಮೀಟರ್‌ಗೆ ಎಷ್ಟು ಸೆಂಟಿಮೀಟರ್ ಎಂದರೆ ಏಳನೇ ತರಗತಿಯ ಮಗು ಥಟ್ಟನೆ 100 ಎನ್ನುತ್ತದೆ. ಒಂದು ಚದರ ಮೀಟರ್‌ಗೆ ಎಷ್ಟು ಚದರ ಸೆಂಟಿಮೀಟರ್ ಎಂದು ಕೇಳಿ ನೋಡಿ. ಬಹಳ ಮಕ್ಕಳು ಮತ್ತೆ 100 ಎಂದೇ ಹೇಳುತ್ತಾರೆ. ಸರಿ ಉತ್ತರ 10,000. ಘನ ಮೀಟರ್‌ಗೆ ಬಂದರೆ ಅದು 10 ಲಕ್ಷವಾಗುತ್ತದೆ. ಕೋಷ್ಟಕ ಬಾಯಿಪಾಠ ಇದ್ದರೂ ಅಳತೆ ಅರ್ಥವಾಗಿಲ್ಲ ಎನ್ನುವುದು ಬಯಲಾಗುವುದು ಇಲ್ಲೇ.

ಮಾಧ್ಯಮಿಕ ಶಾಲೆಯ ಗಣಿತ ಶಿಕ್ಷಕರಿಗೆಲ್ಲ ಗೊತ್ತಿರುವ ಈ ತೊಡಕಿಗೆ ಎಂಟೂವರೆ ಶತಮಾನಗಳ ಹಿಂದೆಯೇ ಒಳ್ಳೆಯ ಅಭ್ಯಾಸದ ಲೆಕ್ಕಗಳನ್ನು ಬರೆದಿಟ್ಟವರು ಭಾಸ್ಕರಾಚಾರ್ಯರು. ಗ್ರಹಗಳ ಚಲನೆ ಲೆಕ್ಕ ಹಾಕಿದ ಮಹಾನ್ ಖಗೋಳಜ್ಞ ಎಂದು ಅವರನ್ನು ನೆನೆಯುತ್ತೇವೆ. ಆದರೆ ಅವರ ಹೆಸರನ್ನು ಮನೆಮನೆಗೆ ತಲುಪಿಸಿದ 'ಲೀಲಾವತಿ' ಶುರುವಾಗುವುದು ಕವಡೆ, ಗುಲಗಂಜಿ, ಮೊಳಗಳ ಲೆಕ್ಕದಿಂದ.

ಜ್ಯೋತಿಷಿಗಳ ಮನೆತನ

ಭಾಸ್ಕರಾಚಾರ್ಯರು ಹುಟ್ಟಿದ್ದು ಶಕ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ. ಈ ವರ್ಷವನ್ನು ಅವರೇ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಊರು ಸಹ್ಯಾದ್ರಿ ಸೀಮೆಯ ವಿಜ್ಜಡವಿಡ. ಅದು ನಮ್ಮ ವಿಜಯಪುರವೇ ಎಂದು ಕೆಲವು ವಿದ್ವಾಂಸರು, ಮಹಾರಾಷ್ಟ್ರದ ಜಳಗಾಂವ್ ಭಾಗದ ಊರು ಎಂದು ಇನ್ನು ಕೆಲವರು ವಾದಿಸುತ್ತಾ ಬಂದಿದ್ದಾರೆ.

ತಂದೆ ಮಹೇಶ್ವರ, ಶಾಂಡಿಲ್ಯ ಗೋತ್ರದವರು, ಸ್ವತಃ ಜ್ಯೋತಿಷ ವಿದ್ವಾಂಸರು. ಭಾಸ್ಕರರಿಗೆ ಗಣಿತ ಹೇಳಿಕೊಟ್ಟ ಗುರುವೂ ಅವರೇ. ಪಂಚಾಂಗ, ಗ್ರಹಣ, ಗ್ರಹಗತಿಗಳ ಲೆಕ್ಕ ತಲೆಮಾರುಗಳಿಂದ ನಡೆದುಬಂದಿದ್ದ ಮನೆ ಅದು.

ಆ ಹೊತ್ತಿಗೆ ಕನ್ನಡ ನೆಲದಲ್ಲೂ ಗಣಿತಕ್ಕೆ ಗಟ್ಟಿ ನೆಲೆಯಿತ್ತು. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದಿದ್ದರು. ಭಾಸ್ಕರರದೇ 12ನೇ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ'ಗಳನ್ನು ಕನ್ನಡದಲ್ಲೇ ಬರೆದ.

36ನೇ ವಯಸ್ಸಿನ ಮೇರುಕೃತಿ

1150ರಲ್ಲಿ, 36ನೇ ವಯಸ್ಸಿನಲ್ಲಿ, ಭಾಸ್ಕರರು 'ಸಿದ್ಧಾಂತ ಶಿರೋಮಣಿ' ಮುಗಿಸಿದರು. ಅದರ ನಾಲ್ಕು ಭಾಗಗಳು ಲೀಲಾವತಿ, ಬೀಜಗಣಿತ, ಗ್ರಹಗಣಿತ ಮತ್ತು ಗೋಲಾಧ್ಯಾಯ. ಕೊನೆಯ ಎರಡು ಭಾಗ ಆಕಾಶಕ್ಕೆ ಮೀಸಲು. ಅಲ್ಲಿಗೆ ಏರಲು ಮೊದಲ ಮೆಟ್ಟಿಲು ಲೀಲಾವತಿ.

ಪ್ರಾರ್ಥನೆ ಮುಗಿದ ಕೂಡಲೇ ಲೀಲಾವತಿಯಲ್ಲಿ ಬರುವುದು ಅಳತೆಯ ಕೋಷ್ಟಕ. 20 ಕವಡೆಗೆ ಒಂದು ಕಾಕಿಣಿ, 4 ಕಾಕಿಣಿಗೆ ಒಂದು ಪಣ, 16 ಪಣಕ್ಕೆ ಒಂದು ದ್ರಮ್ಮ, 16 ದ್ರಮ್ಮಕ್ಕೆ ಒಂದು ನಿಷ್ಕ. ತೂಕದಲ್ಲಿ ಎರಡು ಯವದ ಕಾಳಿಗೆ ಒಂದು ಗುಲಗಂಜಿ, 3 ಗುಲಗಂಜಿಗೆ ಒಂದು ವಲ್ಲ. ಹೀಗೆ ಏರುತ್ತಾ ಹೋಗಿ ಗದ್ಯಾಣಕ ಬರುತ್ತದೆ. ಕನ್ನಡ ಶಾಸನಗಳನ್ನು ಓದಿದವರಿಗೆ ಗದ್ಯಾಣ ಹೊಸ ಹೆಸರಲ್ಲ.

ಉದ್ದದ ಅಳತೆಯಲ್ಲಿ 8 ಯವಕ್ಕೆ ಒಂದು ಅಂಗುಲ, 24 ಅಂಗುಲಕ್ಕೆ ಒಂದು ಹಸ್ತ, ಅಂದರೆ ನಮ್ಮ ಮೊಳ. 4 ಮೊಳಕ್ಕೆ ಒಂದು ದಂಡ, 2,000 ದಂಡಕ್ಕೆ ಒಂದು ಕ್ರೋಶ, 4 ಕ್ರೋಶಕ್ಕೆ ಒಂದು ಯೋಜನ. ಹೊಲ ಅಳೆಯಲು ನಿವರ್ತನ: ನಾಲ್ಕೂ ಕಡೆ 200 ಮೊಳ ಇರುವ ಚೌಕ. ಮೊಳವನ್ನು ಒಂದೂವರೆ ಅಡಿ ಎಂದು ಹಿಡಿದರೆ ಅದು 300 ಅಡಿ ಉದ್ದ, 300 ಅಡಿ ಅಗಲದ ಜಮೀನು, ಇಂದಿನ ಲೆಕ್ಕದಲ್ಲಿ ಎರಡು ಎಕರೆಗಿಂತ ತುಸು ಹೆಚ್ಚು.

ಜಿಪುಣನ ದಾನ ಎಷ್ಟು?

ಕೋಷ್ಟಕ ಕೊಟ್ಟು ಬಾಯಿಪಾಠ ಮಾಡಿ ಎಂದು ಭಾಸ್ಕರರು ಕೈತೊಳೆದುಕೊಳ್ಳುವುದಿಲ್ಲ. ಕಲಿತದ್ದನ್ನು ಬಳಸಲೇಬೇಕಾದ ಲೆಕ್ಕಗಳನ್ನು ಮುಂದಿಡುತ್ತಾರೆ. ಭಿನ್ನರಾಶಿಯ ಭಾಗದಲ್ಲಿ ಒಬ್ಬ ಜಿಪುಣ ಬರುತ್ತಾನೆ. ಭಿಕ್ಷುಕನಿಗೆ ಅವನು ಕೊಡುವುದು ಒಂದು ದ್ರಮ್ಮದ ಅರ್ಧ, ಆ ಅರ್ಧವನ್ನು ಮೂರು ಪಾಲು ಮಾಡಿ ಅದರಲ್ಲಿ ಎರಡು, ಅದರ ಮುಕ್ಕಾಲು, ಅದನ್ನು ಐದು ಪಾಲು ಮಾಡಿ ಒಂದು, ಅದನ್ನು ಹದಿನಾರು ಪಾಲು ಮಾಡಿ ಒಂದು, ಕೊನೆಗೆ ಅದರ ಕಾಲು ಭಾಗ.

ಎಲ್ಲವನ್ನೂ ಗುಣಿಸಿದರೆ ಬರುವುದು ಒಂದು ದ್ರಮ್ಮದ 1,280ನೇ ಒಂದು ಭಾಗ. ಈಗ ಕೋಷ್ಟಕಕ್ಕೆ ಮರಳಿ: 16 ಪಣ, ಪ್ರತಿ ಪಣಕ್ಕೆ 4 ಕಾಕಿಣಿ, ಪ್ರತಿ ಕಾಕಿಣಿಗೆ 20 ಕವಡೆ. ಗುಣಿಸಿದರೆ ಒಂದು ದ್ರಮ್ಮಕ್ಕೆ ಸರಿಯಾಗಿ 1,280 ಕವಡೆ. ಅಷ್ಟು ದೊಡ್ಡ ಲೆಕ್ಕದ ಕೊನೆಗೆ ಜಿಪುಣನ ಕೈಯಿಂದ ಬಿದ್ದದ್ದು ಒಂದೇ ಒಂದು ಕವಡೆ! ನಗು ಬರುವುದು ಲೆಕ್ಕ ಸರಿಯಾಗಿ ಮಾಡಿದವರಿಗೆ ಮಾತ್ರ.

ಕೇಸರಿಯ ಲೆಕ್ಕವೂ ಹಾಗೆಯೇ. ನಿಷ್ಕದ ಏಳರಲ್ಲಿ ಮೂರು ಭಾಗಕ್ಕೆ ಎರಡೂವರೆ ಪಲ ಕೇಸರಿ ಸಿಕ್ಕರೆ 9 ನಿಷ್ಕಕ್ಕೆ ಎಷ್ಟು? ಗಣಿತದ ಉತ್ತರ ಐವತ್ತೆರಡೂವರೆ ಪಲ. ಭಾಸ್ಕರರು ಕೊಡುವ ಉತ್ತರ 52 ಪಲ, 2 ಕರ್ಷ. ಒಂದು ಪಲಕ್ಕೆ 4 ಕರ್ಷ, ಹಾಗಾಗಿ ಅರ್ಧ ಪಲ ಎಂದರೆ 2 ಕರ್ಷ. ಅಂಗಡಿಯಲ್ಲಿ ತೂಗಿ ಕೊಡುವ ರೀತಿಯಲ್ಲೇ ಉತ್ತರ ಇರಬೇಕು ಎಂಬುದು ಇಲ್ಲಿನ ಪಾಠ.

ಗೋಡೆಗೆ ಎಷ್ಟು ಇಟ್ಟಿಗೆ?

ಆರಂಭದಲ್ಲಿ ಹೇಳಿದ ಚದರ, ಘನಗಳ ತೊಡಕು ಇಟ್ಟಿಗೆಯ ಲೆಕ್ಕದಲ್ಲಿ ನೇರವಾಗಿ ಎದುರಾಗುತ್ತದೆ. ಇಟ್ಟಿಗೆಯ ಉದ್ದ 18 ಅಂಗುಲ, ಅಗಲ 12 ಅಂಗುಲ, ಎತ್ತರ 3 ಅಂಗುಲ. ಜೋಡಿಸಿದ ಇಟ್ಟಿಗೆಗಳ ರಾಶಿ 8 ಮೊಳ ಉದ್ದ, 5 ಮೊಳ ಅಗಲ, 3 ಮೊಳ ಎತ್ತರ. ಒಟ್ಟು ಇಟ್ಟಿಗೆ ಎಷ್ಟು, ಎಷ್ಟು ವರಸೆ?

ರಾಶಿಯ ಗಾತ್ರ 120 ಘನ ಮೊಳ. ಒಂದು ಇಟ್ಟಿಗೆಯ ಗಾತ್ರ 648 ಘನ ಅಂಗುಲ. ಮೊಳಕ್ಕೆ 24 ಅಂಗುಲ ಎಂದು 120ನ್ನು 24ರಿಂದ ಗುಣಿಸಿದ ವಿದ್ಯಾರ್ಥಿಗೆ ಐದು ಇಟ್ಟಿಗೆಯೂ ಸಿಗುವುದಿಲ್ಲ. ಒಂದು ಘನ ಮೊಳ ಎಂದರೆ 24ನ್ನು ಮೂರು ಬಾರಿ ಗುಣಿಸಿದ 13,824 ಘನ ಅಂಗುಲ. ಅದನ್ನು ಹಿಡಿದರೆ 2,560 ಇಟ್ಟಿಗೆ, 24 ವರಸೆ ಎಂಬ ಸರಿ ಉತ್ತರ ಬರುತ್ತದೆ. ತಪ್ಪು ಮಾಡಿದರೆ ಉತ್ತರವೇ ಅದನ್ನು ಹೇಳಿಬಿಡುತ್ತದೆ, ಐದು ಇಟ್ಟಿಗೆಯಲ್ಲಿ ಯಾರೂ ಅಷ್ಟು ದೊಡ್ಡ ರಾಶಿ ಕಟ್ಟಲಾರರಲ್ಲ!

ಕಡ್ಡಿ ಇಟ್ಟು ಕಲಿಯುವ ಜ್ಯಾಮಿತಿ

ಆಕೃತಿಗಳ ಭಾಗದಲ್ಲೂ ಇದೇ ಧಾಟಿ. 3, 6, 9 ಅಳತೆಯ ಬಾಹುಗಳಿರುವ ತ್ರಿಭುಜ, 3, 6, 2, 12 ಬಾಹುಗಳಿರುವ ಚತುರ್ಭುಜ ಸಾಧ್ಯವೇ ಎಂಬ ಪ್ರಶ್ನೆ ಬರುತ್ತದೆ. ಇಂಥ ಆಕೃತಿ ಇಲ್ಲವೇ ಇಲ್ಲ, ಅನುಮಾನವಿದ್ದವರು ಅಷ್ಟುದ್ದದ ನೇರ ಕಡ್ಡಿಗಳನ್ನು ನೆಲದ ಮೇಲಿಟ್ಟು ನೋಡಲಿ ಎನ್ನುತ್ತಾರೆ ಭಾಸ್ಕರರು. ಒಂದು ಬಾಹು ಉಳಿದವುಗಳ ಮೊತ್ತಕ್ಕೆ ಸಮವಾದರೆ ಅಥವಾ ಅದಕ್ಕಿಂತ ಉದ್ದವಾದರೆ ಆಕೃತಿ ಮುಚ್ಚಿಕೊಳ್ಳುವುದಿಲ್ಲ. ಮಕ್ಕಳು ಇದನ್ನು ಪೊರಕೆ ಕಡ್ಡಿಯಿಂದಲೇ ಮಾಡಿ ನೋಡಬಹುದು.

ಇನ್ನೊಂದು ಪಾಠ ನಾಲ್ಕು ಸಮ ಬಾಹುಗಳದ್ದು. ಪ್ರತಿ ಬಾಹು 25 ಎಂದಿಟ್ಟುಕೊಳ್ಳಿ. ಚೌಕವಾಗಿ ನಿಂತರೆ ವಿಸ್ತೀರ್ಣ 625. ಎದುರು ಮೂಲೆಗಳನ್ನು ಒತ್ತಿ ಕರ್ಣಗಳು 30 ಮತ್ತು 40 ಆದರೆ 600. ಇನ್ನೂ ಒತ್ತಿ 14 ಮತ್ತು 48 ಆದರೆ 336. ಸುತ್ತಳತೆ ಮೂರರಲ್ಲೂ 100. ಹೀಗಿರುವಾಗ ಬಾಹುಗಳನ್ನಷ್ಟೇ ಹೇಳಿ ಚತುರ್ಭುಜದ ವಿಸ್ತೀರ್ಣ ಕೇಳುವವರನ್ನೂ ಅದಕ್ಕೆ ಉತ್ತರಿಸುವವರನ್ನೂ ಅವರು ಕಟುವಾಗಿಯೇ ಗೇಲಿ ಮಾಡುತ್ತಾರೆ. ಸುತ್ತಳತೆ ಗೊತ್ತಿದ್ದರೆ ಸೈಟಿನ ವಿಸ್ತೀರ್ಣ ಗೊತ್ತಾದಂತೆ ಎಂದು ನಂಬುವವರು ಇಂದಿಗೂ ಕಡಿಮೆಯಿಲ್ಲ.

ಲಂಬಕೋನ ತ್ರಿಭುಜದ ಲೆಕ್ಕಗಳಂತೂ ಕಥೆಗಳೇ. 32 ಮೊಳದ ಬಿದಿರು ಗಾಳಿಗೆ ಮುರಿದು ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲ ಮುಟ್ಟುತ್ತದೆ. ಮುರಿದದ್ದು 12 ಮೊಳ ಎತ್ತರದಲ್ಲಿ. 9 ಮೊಳದ ಕಂಬದ ಮೇಲೆ ನವಿಲು, ಬುಡದಲ್ಲಿ ಹಾವಿನ ಬಿಲ, 27 ಮೊಳ ದೂರದಿಂದ ಬಿಲದತ್ತ ಹರಿದು ಬರುವ ಹಾವು. ಇಬ್ಬರೂ ಸಮ ದೂರ ಸಾಗಿದರೆ ನವಿಲು ಹಾವನ್ನು ಹಿಡಿಯುವುದು ಬಿಲಕ್ಕೆ 12 ಮೊಳ ದೂರದಲ್ಲಿ.

ಕಣದಲ್ಲೊಂದು ಶಂಕು

ರೈತರ ಮನೆಯ ಮಕ್ಕಳಿಗೆ ಹತ್ತಿರವಾಗುವ ಲೆಕ್ಕವೆಂದರೆ ಧಾನ್ಯದ ರಾಶಿಯದು. ಸಮತಟ್ಟಾದ ಕಣದಲ್ಲಿ ಸುರಿದ ಧಾನ್ಯ ಶಂಕುವಿನ ಆಕಾರ ತಾಳುತ್ತದೆ. ದಪ್ಪ ಕಾಳಾದರೆ ರಾಶಿಯ ಎತ್ತರ ಸುತ್ತಳತೆಯ ಹತ್ತನೇ ಒಂದು ಭಾಗ, ಸಣ್ಣ ಕಾಳಾದರೆ ಹನ್ನೊಂದನೇ ಒಂದು, ಮುಳ್ಳುಸಿಪ್ಪೆಯ ಧಾನ್ಯವಾದರೆ ಒಂಬತ್ತನೇ ಒಂದು ಭಾಗ ಎನ್ನುತ್ತದೆ ಲೀಲಾವತಿ. ಸುತ್ತಳತೆಯ ಆರನೇ ಒಂದು ಭಾಗದ ವರ್ಗವನ್ನು ಎತ್ತರದಿಂದ ಗುಣಿಸಿದರೆ ಗಾತ್ರ. ಒಂದು ಘನ ಮೊಳಕ್ಕೆ ಒಂದು ಖಾರಿ ಧಾನ್ಯ.

ಸುತ್ತಳತೆ 60 ಮೊಳ ಇದ್ದರೆ ದಪ್ಪ ಕಾಳಿನ ರಾಶಿಯ ಎತ್ತರ 6 ಮೊಳ, ಧಾನ್ಯ 600 ಖಾರಿ. ಹಗ್ಗವೊಂದಿದ್ದರೆ ಸಾಕು, ಅಳೆದು ಸುರಿಯುವ ಮೊದಲೇ ಬೆಳೆ ಎಷ್ಟೆಂದು ಅಂದಾಜಾಗುತ್ತದೆ.

ಈ ಸೂತ್ರದಲ್ಲಿ ಪೈ ಬೆಲೆಯನ್ನು ಬರೀ 3 ಎಂದು ಹಿಡಿಯಲಾಗಿದೆ. ಈಗಿನ ಬೆಲೆ ಬಳಸಿದರೆ ಸುಮಾರು 573 ಬರುತ್ತದೆ. ಭಾಸ್ಕರರಿಗೆ ನಿಖರ ಬೆಲೆ ಗೊತ್ತಿರಲಿಲ್ಲವೇ? ಖಂಡಿತ ಗೊತ್ತಿತ್ತು. ಅದೇ ಪುಸ್ತಕದಲ್ಲಿ ಸೂಕ್ಷ್ಮ ಲೆಕ್ಕಕ್ಕೆ 3927/1250, ಅಂದರೆ 3.1416, ದಿನಬಳಕೆಗೆ 22/7 ಎಂದು ಎರಡು ಬೆಲೆ ಕೊಟ್ಟಿದ್ದಾರೆ. ಯಾವ ಕೆಲಸಕ್ಕೆ ಎಷ್ಟು ನಿಖರತೆ ಎಂಬ ವಿವೇಕವನ್ನೂ ಮಕ್ಕಳು ಇಲ್ಲಿಂದ ಕಲಿಯಬಹುದು.

ಹಾಗೆಂದು ತಪ್ಪು ಸೂತ್ರವನ್ನು ಅವರು ಸಹಿಸುತ್ತಿರಲಿಲ್ಲ. ಗೋಳದ ಮೇಲ್ಮೈ ವಿಸ್ತೀರ್ಣಕ್ಕೆ ಹಿಂದಿನ ಖಗೋಳಜ್ಞ ಲಲ್ಲ ಕೊಟ್ಟಿದ್ದ ಸೂತ್ರ ತಪ್ಪೆಂದು ಗೋಲಾಧ್ಯಾಯದಲ್ಲಿ ಖಂಡಿಸಿ, ಅದು ಅಷ್ಟೇ ವ್ಯಾಸದ ವೃತ್ತದ ನಾಲ್ಕು ಪಟ್ಟು ಎಂದು ವಿವರಿಸಿದರು.

ಮಗಳ ಕಥೆ ಬಂದದ್ದು ಎಲ್ಲಿಂದ?

ಲೀಲಾವತಿ ಭಾಸ್ಕರರ ಮಗಳು, ಗಳಿಗೆ ಬಟ್ಟಲಿನಲ್ಲಿ ಮುತ್ತು ಬಿದ್ದು ಮುಹೂರ್ತ ತಪ್ಪಿ ಮದುವೆ ಮುರಿಯಿತು, ಅವಳ ಸಮಾಧಾನಕ್ಕೆ ತಂದೆ ಪುಸ್ತಕ ಬರೆದರು ಎಂಬ ಕಥೆ ಎಲ್ಲರಿಗೂ ಗೊತ್ತು. ಈ ಕಥೆ ಕಾಣಿಸುವುದು 1587ರಲ್ಲಿ ಅಕ್ಬರನ ಆಸ್ಥಾನದ ಫೈಜಿ ಮಾಡಿದ ಪರ್ಷಿಯನ್ ಅನುವಾದದ ಮುನ್ನುಡಿಯಲ್ಲಿ, ಭಾಸ್ಕರರ ಕಾಲದ ನಾಲ್ಕು ಶತಮಾನಗಳ ನಂತರ. ಭಾಸ್ಕರರ ಪುಸ್ತಕದಲ್ಲಿ ಇದು ಇಲ್ಲ. ಅಲ್ಲಿ ಪ್ರಶ್ನೆಗಳು ಬಾಲೆಗೆ, ಗೆಳೆಯನಿಗೆ, ವ್ಯಾಪಾರಿಗೆ ಹೀಗೆ ಬೇರೆ ಬೇರೆಯವರಿಗೆ ಕೇಳಿದಂತಿವೆ. ಮುಂದೆ 1816ರಲ್ಲಿ ಮುಂಬೈಯಲ್ಲಿ ಜಾನ್ ಟೇಲರ್, 1817ರಲ್ಲಿ ಲಂಡನ್‌ನಲ್ಲಿ ಕೋಲ್‌ಬ್ರೂಕ್ ಅವರ ಇಂಗ್ಲಿಷ್ ಅನುವಾದಗಳು ಪ್ರಕಟವಾದವು.

ಮಠಕ್ಕೆ ಸಿಕ್ಕಿದ ಮಾಪು

ಇಳಿವಯಸ್ಸಿನಲ್ಲೂ ಭಾಸ್ಕರರು ಬರವಣಿಗೆ ಬಿಡಲಿಲ್ಲ. 1183ರಲ್ಲಿ, 69ನೇ ವಯಸ್ಸಿನಲ್ಲಿ, ಪಂಚಾಂಗದ ಲೆಕ್ಕವನ್ನು ಸುಲಭಗೊಳಿಸುವ 'ಕರಣಕುತೂಹಲ' ರಚಿಸಿದರು. ಮಗ ಲಕ್ಷ್ಮೀಧರ ದೇವಗಿರಿಯ ಯಾದವ ದೊರೆ ಜೈತ್ರಪಾಲನ ಆಸ್ಥಾನ ಸೇರಿದರು. ಮೊಮ್ಮಗ ಚಂಗದೇವ ದೊರೆ ಸಿಂಘಣನ ಆಸ್ಥಾನ ಜ್ಯೋತಿಷಿಯಾದರು.

ತಾತನ ಗ್ರಂಥಗಳನ್ನು ಕಲಿಸಲೆಂದೇ ಚಂಗದೇವ ಒಂದು ಮಠ ಕಟ್ಟಿದರು. ಅದಕ್ಕೆ 1207ರಲ್ಲಿ ದತ್ತಿ ನೀಡಿದ ಶಾಸನ ಮಹಾರಾಷ್ಟ್ರದ ಚಾಳೀಸಗಾಂವ್ ಸಮೀಪದ ಪಾಟಣದಲ್ಲಿದೆ. 1865ರಲ್ಲಿ ಇದನ್ನು ವಿದ್ವತ್ ಲೋಕಕ್ಕೆ ಪರಿಚಯಿಸಿದವರು ಮುಂಬೈನ ಡಾ. ಭಾವು ದಾಜಿ ಲಾಡ್. ಬೈಕುಲ್ಲಾದ ಮ್ಯೂಸಿಯಂಗೆ ಇರುವುದು ಅವರದೇ ಹೆಸರು.

ಹಳೆಯ ಮರಾಠಿಯಲ್ಲಿರುವ ಶಾಸನದ ಕೊನೆಯ ಸಾಲುಗಳು ಮಠದ ಆದಾಯವನ್ನು ವಿವರಿಸುತ್ತವೆ. ನಡೆಯುವ ಪ್ರತಿ ಗಾಣದಿಂದ ಮಠಕ್ಕೆ ಒಂದೊಂದು ಪಳಿ ಎಣ್ಣೆ ಸಲ್ಲಬೇಕು. ಅಲ್ಲಿ ಏನನ್ನೇ ಅಳೆದರೂ ಮಠದ ಮಾಪಿನಿಂದಲೇ ಅಳೆಯಬೇಕು. ಅಳತೆಯ ಕೂಲಿಯಲ್ಲಿ ಅರ್ಧ ಮಠಕ್ಕೆ, ಅರ್ಧ ಅಳೆಯುವವನಿಗೆ. ಲೀಲಾವತಿಯನ್ನು ಅಳತೆಯ ಕೋಷ್ಟಕದಿಂದ ಶುರು ಮಾಡಿದ ಗುರುವಿನ ಹೆಸರಿನ ಮಠ ಹೀಗೆ ಊರಿನ ಅಳತೆಯ ಮಾಪನ್ನೂ ಕಾಯಿತು.