ತಿಳಿದಷ್ಟನ್ನೇ ಹೇಳಿದ ಗಣಿತಜ್ಞ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲಿಯೇ ಇರಲಿ, ಘನಮೂಲದ ಲೆಕ್ಕ ಬಂದೊಡನೆ ಪುಸ್ತಕ ಮುಚ್ಚುವ ಮಕ್ಕಳಿದ್ದಾರೆ. ಅವರಿಗೆ ಭಾಸ್ಕರಾಚಾರ್ಯರ ಬದುಕನ್ನು ತಿಳಿಸಿರಿ.

1114ರಲ್ಲಿ ಜನಿಸಿದ ಅವರು ತಮ್ಮ ಊರನ್ನು ವಿಜ್ಜಡವಿಡ ಎಂದಿದ್ದಾರೆ. ಅದು ನಮ್ಮ ವಿಜಯಪುರವೆಂದು ಹಲವು ವಿದ್ವಾಂಸರು ಹೇಳಿದರೆ, ಮಹಾರಾಷ್ಟ್ರದ ಪಾಟಣದ ಸಮೀಪದ್ದೆಂದು ಬೇರೆಯವರು ವಾದಿಸುತ್ತಾರೆ. ಈ ಸೀಮೆಗೆ ವಿದ್ಯೆ ಹೊಸದೇನಲ್ಲ. ಅವರಿಗಿಂತ ಮೊದಲೇ ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ದೂರದ ವಿದ್ಯಾರ್ಥಿಗಳು ನೆಲೆಸಿ ಕಲಿಯುವ ಶಾಲೆಯಿತ್ತೆಂದು 945ರ ಶಾಸನ ಸಾರುತ್ತದೆ.

ಭಾಸ್ಕರರಿಗೆ ತಂದೆ ಮಹೇಶ್ವರರೇ ಗುರುಗಳು. 36ನೇ ವಯಸ್ಸಿನಲ್ಲಿ, 1150ರಲ್ಲಿ, ಅವರು 'ಸಿದ್ಧಾಂತ ಶಿರೋಮಣಿ' ರಚಿಸಿದರು. ಅದರ 'ಲೀಲಾವತಿ' ಭಾಗದಲ್ಲಿ ಘನಮೂಲದ ವಿಧಾನವಿದೆ. 19683ನ್ನು ತೆಗೆದುಕೊಳ್ಳಿ. ಬಲದಿಂದ ಮೂರು ಅಂಕಿ ಬಿಟ್ಟರೆ ಉಳಿಯುವುದು 19. ಅದರೊಳಗಿನ ದೊಡ್ಡ ಘನ 8, ಮೂಲ 2. ಕಳೆದಾಗ ಉಳಿದ 11ಕ್ಕೆ 6 ಸೇರಿಸಿದರೆ 116. ಇದನ್ನು 2ರ ವರ್ಗದ ಮೂರು ಪಟ್ಟಾದ 12ರಿಂದ ಭಾಗಿಸಿ, ಮುಂದಿನ ಕಳೆಯುವಿಕೆಗೂ ಸಾಕಾಗುವಂತೆ 7ನ್ನು ಹಿಡಿಯಬೇಕು. 84 ಕಳೆದು 8 ಇಳಿಸಿದರೆ 328. ಅದರಿಂದ 2, 7ರ ವರ್ಗ ಮತ್ತು 3ರ ಗುಣಲಬ್ಧವಾದ 294 ಕಳೆದು, 3 ಇಳಿಸಿದರೆ 343. ಅದು 7ರ ಘನವೇ. ಶೇಷವಿಲ್ಲ, ಉತ್ತರ 27.

ಆದರೆ ಅವರ ದೊಡ್ಡತನ ಇನ್ನೊಂದರಲ್ಲಿದೆ. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಅವರು 'ಬೀಜಗಣಿತ'ದಲ್ಲಿ ಸ್ಪಷ್ಟವಾಗಿ ಬರೆದರು. ಗೊತ್ತಿಲ್ಲದ್ದಕ್ಕೆ ಉತ್ತರ ಕಟ್ಟಲಿಲ್ಲ. 8ರ ಘನಮೂಲ 2 ಎಂದು ನಾವೆಲ್ಲ ಕಲಿತಿದ್ದೇವೆ. ನಿಜವಾಗಿ ಅದಕ್ಕೆ ಮೂರು ಮೂಲಗಳಿವೆ. ಉಳಿದೆರಡು ಮಿಶ್ರಸಂಖ್ಯೆಗಳು: ಋಣ 1ಕ್ಕೆ ಋಣ 3ರ ವರ್ಗಮೂಲವನ್ನು ಕೂಡಿಸಿದರೆ ಒಂದು, ಕಳೆದರೆ ಇನ್ನೊಂದು. ಭಾಸ್ಕರರು ನಿಂತದ್ದು ಇದೇ ಬಾಗಿಲಲ್ಲಿ. ಇಂತಹ ಸಂಖ್ಯೆಗಳ ನಿಯಮಗಳನ್ನು 1572ರಲ್ಲಿ ಇಟಲಿಯ ಬೊಂಬೆಲ್ಲಿ ಪ್ರಕಟಿಸಿದರು.

ಭಾಸ್ಕರರ ವಿದ್ಯೆಗೆ ಧರ್ಮ, ಭಾಷೆ ಅಡ್ಡಿಯಾಗಲಿಲ್ಲ. ಅಕ್ಬರನ ಅಪೇಕ್ಷೆಯಂತೆ ಕವಿ ಫೈಜಿ 1587ರಲ್ಲಿ 'ಲೀಲಾವತಿ'ಯನ್ನು ಪಾರ್ಸಿಗೆ ತಂದರು. ಷಹಜಹಾನನ ಕಾಲದಲ್ಲಿ ಅತಾಉಲ್ಲಾ ರಶೀದಿ 'ಬೀಜಗಣಿತ'ವನ್ನು ಪಾರ್ಸಿಗೆ ಅನುವಾದಿಸಿದರು. ಮೊಮ್ಮಗ ಚಂಗದೇವ ಅಜ್ಜನ ಗ್ರಂಥಗಳನ್ನು ಬೋಧಿಸಲು ಪಾಟಣದಲ್ಲಿ ಮಠ ಸ್ಥಾಪಿಸಿದನೆಂದು ಅಲ್ಲಿನ ಶಾಸನ ಹೇಳುತ್ತದೆ.

ತಂದೆ ತಾಯಂದಿರೇ, ಮಗು ಲೆಕ್ಕ ಬಾರದೆಂದರೆ ಗದರಿಸಬೇಡಿ. ಎಲ್ಲಿಯವರೆಗೆ ತಿಳಿಯಿತೆಂದು ಕೇಳಿ, ಅಲ್ಲಿಂದ ಜೊತೆಯಲ್ಲಿ ಮುಂದೆ ಸಾಗಿರಿ. ತಿಳಿದಷ್ಟನ್ನು ತಿಳಿದೆವೆಂದೂ ಉಳಿದದ್ದನ್ನು ತಿಳಿಯಲಿಲ್ಲವೆಂದೂ ಹೇಳುವವನು ಮುಂದಿನವರ ದಾರಿಯನ್ನು ಕೆಡಿಸುವುದಿಲ್ಲ.